ಐಸ್ ಡಬ್ಬ ಬಿಟ್ಟೆ, ಆಲ್ಡೋಸ್ಟೆರಾನ್ ಕೈಗೆ ಸಿಕ್ಕಿತು

ದಾವಣಗೆರೆಯಲ್ಲಿ ಕೂತು ಬಿಪಿ ರೋಗಿಗಳ ಆಲ್ಡೋಸ್ಟೆರಾನ್ (ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ, ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನ್) ನೋಡ್ತೀನಿ ಅಂದಾಗ ನಕ್ಕವರೇ ಜಾಸ್ತಿ. "ಕಾನ್ ಸಿಂಡ್ರೋಮ್ ಪರೀಕ್ಷೆ ಪೇಪರಲ್ಲಿ ಬರುತ್ತೆ, ಓಪಿಡಿಗೆ ಬರಲ್ಲ ಬಿಡಪ್ಪ" ಅಂದರು ಹಿರಿಯರೊಬ್ಬರು. ಆ ಗ್ರಂಥಿ ಆಲ್ಡೋಸ್ಟೆರಾನನ್ನು ಅತಿಯಾಗಿ ಸುರಿಸಿ ಬಿಪಿ ಏರಿಸುವ ಕಾಯಿಲೆಯೇ ಕಾನ್ ಸಿಂಡ್ರೋಮ್. 1955ರಲ್ಲಿ ಜೆರೋಮ್ ಕಾನ್ ಬರೆದ ಮೊದಲ ಕೇಸಿನಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಇವತ್ತಿಗೂ ನಮ್ಮವರು ಅದನ್ನೇ ಹಿಡಿದುಕೊಂಡು ಕೂತಿದ್ದಾರೆ. ಪೊಟ್ಯಾಸಿಯಂ ನಾರ್ಮಲ್ ಬಂತಾ, ಫೈಲ್ ಮುಚ್ಚು. ಆದರೆ ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರ ಪೊಟ್ಯಾಸಿಯಂ ನಾರ್ಮಲ್ಲೇ ಇರುತ್ತದೆ, ಅಲ್ವಾ?

ಗ್ರಾಂಟ್ ಕೇಳಿದೆ, ಸಿಗಲಿಲ್ಲ. ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿತು, ದುಡ್ಡು ನನ್ನದೇ. ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದ ನಲವತ್ತು ಜನರನ್ನು ಮೊದಲು ಆರಿಸಿಕೊಂಡೆ. ಆಲ್ಡೋಸ್ಟೆರಾನ್ ಒಂದು, ಅದನ್ನು ಏರಿಸಲು ಮೂತ್ರಪಿಂಡ ಬಿಡುವ ರೆನಿನ್ ಇನ್ನೊಂದು, ಈ ಜೋಡಿ ಟೆಸ್ಟಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ. ಈ ಕಾಯಿಲೆಯಲ್ಲಿ ಮೊದಲನೆಯದು ಏರಿ ರೆನಿನ್ ಕುಸಿದಿರುತ್ತದೆ, ಹಾಗಾಗಿ ಎರಡರ ಅನುಪಾತ ದೊಡ್ಡದಾಗುತ್ತದೆ. ರಕ್ತ ತೆಗೆದು, ಥರ್ಮಾಕೋಲ್ ಡಬ್ಬದಲ್ಲಿ ಐಸ್ ತುಂಬಿ, ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಿದ್ದೆ. ಹಾರ್ಮೋನ್ ಅಂದ ಮೇಲೆ ತಣ್ಣಗಿರಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು. ನಲವತ್ತರಲ್ಲಿ ಅನುಪಾತ 30 ದಾಟಿದ್ದು ಒಬ್ಬರದ್ದು ಮಾತ್ರ. ಒಂದೂವರೆ ಲಕ್ಷಕ್ಕೂ ಮೇಲೆ ನೀರಲ್ಲಿ ಹೋಮ. ಹಿರಿಯರು ಹೇಳಿದ್ದೇ ನಿಜವಾಯಿತೇನೋ ಅಂತ ಎರಡು ತಿಂಗಳು ಸುಮ್ನಿದ್ದೆ.

ಆಮೇಲೆ ಒಂದು ಬೆಳಿಗ್ಗೆ, ಹಟಕ್ಕೆ ಬಿದ್ದವನ ಹಾಗೆ, ಒಬ್ಬರದೇ ರಕ್ತವನ್ನು ನೇರಳೆ ಮುಚ್ಚಳದ ಎರಡು ಟ್ಯೂಬಿಗೆ ಹಾಕಿದೆ. ಒಂದು ಎಂದಿನಂತೆ ಐಸಿನಲ್ಲಿ ಹೋಯಿತು. ಇನ್ನೊಂದನ್ನು ಮೇಜಿನ ಮೇಲೇ ಇಟ್ಟು, ಅರ್ಧ ಗಂಟೆಯೊಳಗೆ ಸ್ಪಿನ್ ಮಾಡಿ, ಪ್ಲಾಸ್ಮಾ ಬೇರೆ ಮಾಡಿ, ಡ್ರೈ ಐಸಿಗೆ ಇಳಿಸಿ ಒಂದೇ ಸಲಕ್ಕೆ ಗಟ್ಟಿ ಮಾಡಿದೆ. ಆಲ್ಡೋಸ್ಟೆರಾನ್ ಎರಡರಲ್ಲೂ 20ರ ಆಸುಪಾಸು. ರೆನಿನ್ ಮಾತ್ರ ಐಸಿನದ್ದರಲ್ಲಿ 1.1, ಮೇಜಿನದ್ದರಲ್ಲಿ 0.5. ಅಂದರೆ ಅನುಪಾತ ಒಂದರಲ್ಲಿ 18, ಇನ್ನೊಂದರಲ್ಲಿ 40! ಗಟ್ಟಿಯಾಗದೆ ಚಳಿಯಲ್ಲಿ ಕೂತ ಪ್ರೊರೆನಿನ್ (ರೆನಿನ್‌ನ ನಿದ್ದೆಯಲ್ಲಿರುವ ರೂಪ) ರೆನಿನ್ ಆಗಿ ಎದ್ದು, ಇದ್ದ ಕಾಯಿಲೆಯನ್ನು ಮುಚ್ಚಿಹಾಕಿತ್ತು. ಗೊತ್ತಿರಬೇಕಾದ ವಿಷಯವೇ, ಓದಿದ್ದೆ ಕೂಡ. ಓದಿದ್ದು ಕೈಗೆ ಬರಲು ಅಷ್ಟು ದುಡ್ಡು ಬೇಕಾಯಿತು.

ಹಳೇ ಸೆಂಟ್ರಿಫ್ಯೂಜ್ ಒಂದನ್ನು ಹದಿನೆಂಟು ಸಾವಿರಕ್ಕೋ ಏನೋ ಕೊಂಡೆ. ಡ್ರೈ ಐಸ್ ತರಿಸುವುದೇ ದೊಡ್ಡ ತಲೆನೋವು. ಅದನ್ನು ಎರಡು ದಿನ ಹೇಗೆ ಉಳಿಸಿಕೊಳ್ಳುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಮಾತ್ರೆ ಎಲ್ಲ ನಿಲ್ಲಿಸಿ ಟೆಸ್ಟ್ ಮಾಡಬೇಕು ಅನ್ನುವವರ ಜೊತೆಗೂ ಜಗಳವಾಯಿತು. 190 ಬಿಪಿ ಇರುವ ಲಾರಿ ಡ್ರೈವರ್‌ಗೆ ಒಂದು ತಿಂಗಳು ಮಾತ್ರೆ ಬಿಡು ಅಂತ ಯಾವ ಬಾಯಲ್ಲಿ ಹೇಳಲಿ? ಆಲ್ಡೋಸ್ಟೆರಾನ್‌ನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಅದನ್ನು ಬಿಡಿಸಿ ನಾಲ್ಕರಿಂದ ಆರು ವಾರ ಕಾಯುತ್ತೇನೆ, ಉಳಿದದ್ದನ್ನು ನೋಡಿಕೊಂಡು ಲೆಕ್ಕ ಹಾಕುತ್ತೇನೆ. ಬೀಟಾ ಬ್ಲಾಕರ್ ಮಾತ್ರೆ ತಾನೇ ರೆನಿನ್ ಇಳಿಸುತ್ತದೆ, ಅದಿದ್ದರೆ ಮೇಲೆ ಬಂದ ಅನುಪಾತವನ್ನು ನಂಬಲ್ಲ. ರೆನಿನ್ ಏರಿಸುವ ಟೆಲ್ಮಿಸಾರ್ಟನ್ ನುಂಗುತ್ತಿದ್ದರೂ ರೆನಿನ್ ನೆಲ ಕಚ್ಚಿದ್ದರೆ ಇನ್ನೇನು ಸಾಕ್ಷಿ ಬೇಕು?

ಇನ್ನೊಂದು ತಮಾಷೆ, ಉಪ್ಪು. ಟೆಸ್ಟಿಗೆ ಮೊದಲು ಪಥ್ಯ ಮಾಡಿದರೆ ರೆನಿನ್ ಏರಿ ಫಲಿತಾಂಶ ಕೆಡುತ್ತದೆ, ಹಾಗಾಗಿ "ಇನ್ನೆರಡು ವಾರ ಎಂದಿನಂತೆ ಊಟ ಮಾಡಿ" ಅನ್ನುತ್ತಿದ್ದೆ. ಬಿಪಿ ಡಾಕ್ಟರೇ ಉಪ್ಪು ತಿನ್ನು ಅಂತಾರೆ ಅಂತ ಊರೆಲ್ಲ ಸುದ್ದಿ. ನೋಡೇಬಿಡೋಣ ಅಂತ ಹತ್ತು ಹನ್ನೆರಡು ಜನರಿಗೆ 24 ಗಂಟೆಯ ಮೂತ್ರ ಹಿಡಿದು ತರಲು ಹೇಳಿದೆ. ಅಜ್ಜಿಯೊಬ್ಬರು ಐದು ಲೀಟರಿನ ಎಣ್ಣೆ ಕ್ಯಾನಿನಲ್ಲಿ ತುಂಬಿ, ಬಟ್ಟೆ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದರು. ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದನಂತೆ! ಸೋಡಿಯಂ 200 ಮಿಲಿಮೋಲ್ ದಾಟಿದವರೇ ಜಾಸ್ತಿ, ಉಪ್ಪಿನ ಮಾತ್ರೆ ಕೊಡುವ ಅಗತ್ಯವೇ ಬೀಳಲಿಲ್ಲ. ಉಪ್ಪಿನಕಾಯಿ, ಹಪ್ಪಳ ಆ ಕೆಲಸ ಮುಗಿಸಿದ್ದವು. ಆ ಪ್ರಯೋಗ ಅಲ್ಲಿಗೇ ನಿಂತಿದೆ, ಯಾರಾದರೂ ಮುಂದುವರಿಸಿ.

ಹೊಸ ಕ್ರಮದಲ್ಲಿ ಇಲ್ಲಿಯವರೆಗೆ ನೂರೈವತ್ತರ ಹತ್ತಿರ ಜನ ಆದರು. ಕಾಯಿಲೆ ಖಚಿತ ಮಾಡಿಕೊಳ್ಳಲು ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಕೊಟ್ಟ ಮೇಲೂ ಆಲ್ಡೋಸ್ಟೆರಾನ್ ಇಳಿಯದವರು ಹದಿನೇಳೋ ಹದಿನೆಂಟೋ. ಯಾವ ಕಡೆಯ ಗ್ರಂಥಿ ತಪ್ಪುಗಾರ ಅಂತ ಅದರ ರಕ್ತನಾಳದಿಂದಲೇ ರಕ್ತ ತೆಗೆದು ನೋಡುವ ಅಡ್ರಿನಲ್ ವೆಯ್ನ್ ಸ್ಯಾಂಪ್ಲಿಂಗ್‌ಗೆ ಮೂವರನ್ನು ಬೆಂಗಳೂರಿಗೆ ಕಳಿಸಿದೆ. ಒಬ್ಬರಲ್ಲಿ ಬಲಗಡೆಯ ಆ ಗಿಡ್ಡ ರಕ್ತನಾಳ ಸಿಗಲೇ ಇಲ್ಲ. ಒಬ್ಬರಿಗೆ ಎಡಗಡೆಯ ಗ್ರಂಥಿ ತೆಗೆದರು, ಐದು ಮಾತ್ರೆಯಿಂದ ಒಂದಕ್ಕೆ ಇಳಿದಿದ್ದಾರೆ. ಉಳಿದವರು ಸ್ಪೈರೊನೊಲ್ಯಾಕ್ಟೋನ್ ಮೇಲೆ ಚೆನ್ನಾಗಿದ್ದಾರೆ. ಇಬ್ಬರು ಗಂಡಸರಿಗೆ ಎದೆ ಊದಿ ನೋವು ಬಂದು, ಅದೇ ಬಗೆಯ ಇನ್ನೊಂದು ಮಾತ್ರೆ ಎಪ್ಲೆರಿನೋನ್‌ಗೆ ಬದಲಾಯಿಸಿದೆ, ಅದು ದುಬಾರಿ, ಒಬ್ಬರು ಅರ್ಧಕ್ಕೇ ಬಿಟ್ಟರು.

ಓಪಿಡಿಗೆ ಬರಲ್ಲ ಅಂದಿದ್ದ ಹಿರಿಯರೂ ಈಗ ಸ್ಯಾಂಪಲ್ ಕಳಿಸುತ್ತಾರೆ. ಮೊನ್ನೆ ಬಂದ ಅವರ ಡಬ್ಬ ತೆರೆದರೆ ಒಳಗೆ ತುಂಬ ಐಸು. ಟ್ಯೂಬ್ ಪಕ್ಕಕ್ಕಿಟ್ಟು, ರೋಗಿಯನ್ನೇ ಕಳಿಸಿ ಸಾರ್ ಅಂತ ಫೋನ್ ಮಾಡಿದೆ.