ಖಾಲಿ ಪಾತ್ರೆಯಲ್ಲೂ ಅದೇ ಉಬ್ಬು

ವಸ್ತುಗಳನ್ನು ನಿಧಾನವಾಗಿ ಬಿಸಿ ಮಾಡಿ, ಅವು ಎಷ್ಟು ಶಾಖ ಹೀರುತ್ತವೆ ಅಂತ ಅಳೆಯೋದು ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ವಸ್ತುವಿನ ಗ್ರಾಫಿನಲ್ಲಿ 52 ಡಿಗ್ರಿ ಹತ್ತಿರ ಸಣ್ಣ ಉಬ್ಬು ಬರುತ್ತಿತ್ತು. ಅಲ್ಲಿ ಹರಳಿನ ರಚನೆಯೇ ಬದಲಾಗುತ್ತದೆ ಅಂತ ನಂಬಿದೆ. ಎರಡು ವರ್ಷ ನಂಬಿದೆ. ಕಂಡವರಿಗೆಲ್ಲ ವಿವರಿಸಿ ವಿವರಿಸಿ ಅದು 'ನನ್ನ ಉಬ್ಬು' ಆಗಿಬಿಟ್ಟಿತ್ತು.

ಹೊಸದಾಗಿ ಸೇರಿದ್ದ ವಿದ್ಯಾರ್ಥಿನಿ ಒಂದು ದಿನ ಬಂದು, "ಸರ್, ಸ್ಯಾಂಪಲ್ ಹಾಕದೆ ಖಾಲಿ ಪಾತ್ರೆ ಇಟ್ಟರೂ ಉಬ್ಬು ಬರ್ತಿದೆ" ಅಂದಳು.

ಪಾತ್ರೆ ಸರಿಯಾಗಿ ತೊಳೆದಿರಲ್ಲ ಅಂದೆ. ತೊಳೆದು ಮತ್ತೆ ಮಾಡಿದಳು. ಬಿಸಿ ಮಾಡುವ ವೇಗ ಜಾಸ್ತಿ ಆಯ್ತು ಅಂದೆ. ಕಡಿಮೆ ಮಾಡಿದಳು. ಹೀಗೆ ಆರು ಸಲ. ಅವಳ ಗ್ರಾಫಿಗೆ ಆರು ಪರೀಕ್ಷೆ ಇಟ್ಟ ನಾನು ಖಾಲಿ ಪಾತ್ರೆಯನ್ನು ಅಳೆದದ್ದು ಒಂದೇ ಸಲ, ಅದೂ ಮೊದಲ ವಾರದಲ್ಲಿ. ಆಮೇಲೆ ಪಾತ್ರೆ ಅಲುಗದಿರಲಿ ಅಂತ ಅದು ಕೂರುವ ಜಾಗಕ್ಕೆ ಚೂರು ಮೇಣ ಹಚ್ಚಲು ಶುರು ಮಾಡಿದ್ದೆ, ಅದು ಮರೆತೇ ಹೋಗಿತ್ತು. ಉಬ್ಬು ಬರುತ್ತಿದ್ದದ್ದು ಆ ಮೇಣ ಕರಗುವಾಗ! ಗೊತ್ತಾದ ದಿನ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಬಂತು, ಅದೂ ಪಾಪ ಆ ಹುಡುಗಿಯ ಮೇಲೆ.

ಮಿಲಿಕನ್ ಎಣ್ಣೆ ಹನಿಗಳಿಂದ ಎಲೆಕ್ಟ್ರಾನಿನ ಚಾರ್ಜ್ ಅಳೆದದ್ದು ಪಾಠದಲ್ಲಿ ಓದಿರುತ್ತೀರಿ. 1913ರ ಅವರ ಉತ್ತರ ಈಗಿನದಕ್ಕಿಂತ ಸುಮಾರು ಶೇ. 0.6ರಷ್ಟು ಕಡಿಮೆ ಇತ್ತು. ಗಾಳಿಯ ಸ್ನಿಗ್ಧತೆಗೆ, ಅಂದರೆ ಬೀಳುವ ಹನಿಯನ್ನು ಗಾಳಿ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ, ಅವರು ಬಳಸಿದ ಅಂಕಿ ತಪ್ಪಾಗಿತ್ತು. ಮುಂದೆ ಅಳೆದವರ ಉತ್ತರ ಒಂದೇ ಸಲಕ್ಕೆ ಸರಿಹೋಗದೆ ಮೆಟ್ಟಿಲು ಹತ್ತಿದ ಹಾಗೆ ಚೂರುಚೂರೇ ಮೇಲೇರಿತು ಅಂತ ಭೌತವಿಜ್ಞಾನಿ ಫೈನ್‌ಮನ್ 1974ರ ಒಂದು ಭಾಷಣದಲ್ಲಿ ಹೇಳಿದ್ದರು. ಮಿಲಿಕನ್ ಹೇಳಿದ್ದಕ್ಕಿಂತ ತೀರಾ ಮೇಲೆ ಬಂದರೆ ತಪ್ಪು ಎಲ್ಲಿದೆ ಅಂತ ಹುಡುಕುತ್ತಿದ್ದರಂತೆ, ಹತ್ತಿರ ಬಂದರೆ ಅಷ್ಟಾಗಿ ಕೆದಕುತ್ತಿರಲಿಲ್ಲವಂತೆ. ಇದರಲ್ಲಿ ಮೋಸ ಅನ್ನುವಂಥದ್ದು ಏನೂ ಇಲ್ಲ ಅಲ್ವಾ? ನಾನೂ ಮಾಡಿರಲಿಲ್ಲ.

ಈಗ ನಿಜವಾದ ಉತ್ತರ ನನಗೆ ಮೊದಲೇ ಕಾಣದಿರಲಿ ಅಂತ ಅದೇ ಹುಡುಗಿ ರೀಡಿಂಗುಗಳಿಗೆಲ್ಲ ಒಂದು ಗುಟ್ಟಿನ ಸಂಖ್ಯೆ ಕೂಡಿಸಿ ನನಗೆ ಕೊಡುತ್ತಾಳೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ನಾನು ಬರೆದು ಸಹಿ ಹಾಕಿದ ಮೇಲೇ ಅವಳು ಆ ಸಂಖ್ಯೆ ಬಾಯಿಬಿಡೋದು. ಕಣ ಭೌತಶಾಸ್ತ್ರದವರು ಮಾಡುವುದೇ ಇದು, ನಾವು ಕದ್ದಿದ್ದೇವೆ ಅಷ್ಟೇ. ಇನ್ನೊಂದು ಉಪಾಯ ಡಾರ್ವಿನ್ನರದ್ದು. ತನ್ನ ವಾದಕ್ಕೆ ಎದುರಾದ ಸಂಗತಿ ಬೇಗ ಮರೆತುಹೋಗುತ್ತದೆ ಅಂತ ಗೊತ್ತಿದ್ದ ಅವರು ಅದನ್ನು ಆಗಲೇ ಬರೆದಿಡುತ್ತಿದ್ದರು. ನಾನು ನೋಟ್‌ಬುಕ್ಕಿನ ಕೊನೇ ಪುಟ ಅದಕ್ಕೇ ಬಿಟ್ಟಿದ್ದೇನೆ. ಸದ್ಯ ಅಲ್ಲಿ ನಾಲ್ಕು ಸಾಲು ಇವೆ. ಮೂರನೇದು ನಿಜವಾದರೆ ಈ ವರ್ಷದ ಅರ್ಧ ಕೆಲಸ ಹೋಯಿತು. ಮುಂದಿನ ವಾರ ಪರೀಕ್ಷೆ ಮಾಡೋಣ ಅಂತ ಎರಡು ತಿಂಗಳಿಂದ ಹೇಳುತ್ತಾ ಇದ್ದೇನೆ.