ಜೋಡಣೆ ಸಾಲಿಗೆ ಗನ್ ಆರಿಸುವ ಬಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಸ್ಕ್ರೂ ಮತ್ತು ನಟ್ ಬಿಗಿಯುವ ಕೈಯಂತ್ರಕ್ಕೆ ‘ಗನ್’ ಎಂದೇ ರೂಢಿಯ ಹೆಸರು. ಅದನ್ನು ಕೊಳ್ಳುವಾಗ ಟಾರ್ಕ್ (ತಿರುಚುವ ಶಕ್ತಿ), ವೇಗ, ಬೆಲೆ ಈ ಮೂರನ್ನು ಎಲ್ಲರೂ ವಿಚಾರಿಸುತ್ತಾರೆ. ಹಿಡಿಯುವ ಕೈಯನ್ನು ವಿಚಾರಿಸುವವರು ಕಡಿಮೆ. ನಿಮಿಷಕ್ಕೆ 4 ಸ್ಕ್ರೂ ಬಿಗಿಯುವವರು, ಬಿಡುವು ಕಳೆದು 7 ಗಂಟೆ ದುಡಿದರೂ, ಪಾಳಿಯೊಂದಕ್ಕೆ 1,680 ಬಾರಿ ಟ್ರಿಗರ್ ಒತ್ತಿರುತ್ತಾರೆ.

ಮೊದಲು ಕ್ಯಾಟಲಾಗನ್ನು ಬದಿಗಿಟ್ಟು, ಸ್ಕ್ರೂ ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದನ್ನು ಕೆಲಸದ ಜಾಗದಲ್ಲೇ ನಿಂತು ನೋಡಬೇಕು. ಮೇಜಿನ ಮೇಲಿನ ಭಾಗಕ್ಕೆ ಮೇಲಿನಿಂದ ಸ್ಕ್ರೂ ಹಾಕುವಲ್ಲಿ ಪಿಸ್ತೂಲಿನಾಕಾರದ ಗನ್ ಕೊಟ್ಟರೆ ಮೊಣಕೈ ಮೇಲೆದ್ದು ಮಣಿಕಟ್ಟು ಬಾಗುತ್ತದೆ. ಅಲ್ಲಿಗೆ ನೇರ ಹಿಡಿಯ ಗನ್ ಸರಿ. ಮೊಣಕೈ ಎತ್ತರದಲ್ಲಿ, ನೆಟ್ಟಗೆ ನಿಂತ ಭಾಗದ ಮುಖಕ್ಕೆ ಬಿಗಿಯುವಲ್ಲಿ ಪಿಸ್ತೂಲಿನಾಕಾರವೇ ಒಳ್ಳೆಯದು. ಗನ್ ಬದಲಿಸಲು ಹಣವಿಲ್ಲದಿದ್ದರೆ ಭಾಗವನ್ನು ಹಿಡಿದಿಡುವ ಫಿಕ್ಸ್ಚರನ್ನು ಓರೆಯಾಗಿಸಿ. ಅದಕ್ಕೆ ಬೇಕಾದ ಓರೆ ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ನನ್ನ ಅನುಭವದಲ್ಲಿ ತೂಕಕ್ಕಿಂತ ಹೆಚ್ಚು ಕಾಡುವುದು ಸ್ಕ್ರೂ ಬಿಗಿಯಾದ ಕ್ಷಣದಲ್ಲಿ ಗನ್ ಕೈಯನ್ನು ತಿರುಚುವ ಎದುರೇಟು. ಇದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಪಿಸ್ತೂಲಿನಾಕಾರದ ಗನ್ನಿನಲ್ಲಿ ಅಂಗೈ ತಿರುಗುವ ಅಕ್ಷದಿಂದ ಸುಮಾರು 10 ಸೆಂ.ಮೀ. ಕೆಳಗಿರುತ್ತದೆ ಎಂದುಕೊಂಡರೆ, 6 ನ್ಯೂಟನ್ ಮೀಟರ್ ಟಾರ್ಕಿಗೆ ಕೈ ತಡೆಯಬೇಕಾದ ಬಲ 60 ನ್ಯೂಟನ್, ಅಂದರೆ ಸುಮಾರು 6 ಕೆ.ಜಿ. ಭಾರಕ್ಕೆ ಸಮ. ನೇರ ಗನ್ನಿನ ಹಿಡಿ 4 ಸೆಂ.ಮೀ. ದಪ್ಪವಿದ್ದರೆ ತ್ರಿಜ್ಯ ಬರೀ 2 ಸೆಂ.ಮೀ., ಆದ್ದರಿಂದ 3 ನ್ಯೂಟನ್ ಮೀಟರಿಗೇ 150 ನ್ಯೂಟನ್ ಆಗಿಬಿಡುತ್ತದೆ. ಅದೇ 50 ಸೆಂ.ಮೀ. ಉದ್ದದ ಲಂಬಕೋನದ ಗನ್ನಿನಲ್ಲಿ 30 ನ್ಯೂಟನ್ ಮೀಟರಿಗೂ 60 ನ್ಯೂಟನ್ ಮಾತ್ರ. ಕೈಗೆ ತಡೆಯಲಾಗದಷ್ಟು ಬಲ ಬೀಳುವಲ್ಲಿ ಎದುರೇಟನ್ನು ತಾನೇ ಹೊರುವ ಟಾರ್ಕ್ ಆರ್ಮ್ ಹಾಕಿಸಬೇಕು. ಲೋಹಕ್ಕೆ ಲೋಹ ಕೂರುವ ಗಟ್ಟಿ ಜೋಡಣೆ 30 ಡಿಗ್ರಿಯೊಳಗೆ ಬಿಗಿಯಾದರೆ, ರಬ್ಬರ್ ಗ್ಯಾಸ್ಕೆಟ್ ಇರುವಂಥದ್ದು ಎರಡು ಸುತ್ತು ಎಳೆಯುವುದೂ ಉಂಟು, ಅಷ್ಟು ಹೊತ್ತೂ ಕೈ ತಡೆದು ನಿಲ್ಲಬೇಕಾಗುತ್ತದೆ.

ಕಂಪ್ರೆಸರಿನ ಗಾಳಿಯಿಂದ ಓಡುವ ಗನ್ನಿನಲ್ಲಿ ಇನ್ನೊಂದು ಗುಟ್ಟಿದೆ. ಇವುಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ 6.3 ಬಾರ್ ಒತ್ತಡಕ್ಕೆ ಹೇಳಿರುತ್ತಾರೆ. ಹೋಸ್ ಸೋರಿ ಒತ್ತಡ ಇಳಿದರೆ, ಹೊಂದಿಸಿದ ಟಾರ್ಕ್ ಮುಟ್ಟಿದಾಗ ತಿರುಗುವುದನ್ನು ಬಿಡಿಸುವ ಕ್ಲಚ್ ಬಿಡುವ ಮೊದಲೇ ಗನ್ ನಿಂತುಹೋಗಿ, ಎದುರೇಟೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಒತ್ತಡವನ್ನು ಕಂಪ್ರೆಸರಿನ ಬಳಿಯಲ್ಲ, ಗನ್ ಓಡುತ್ತಿರುವಾಗ ಅದರ ಬುಡದಲ್ಲಿ ಅಳೆಯಬೇಕು.

ಒಂದೇ ಕೈಯಲ್ಲಿ ಹಿಡಿಯುವ ಗನ್ 2.3 ಕೆ.ಜಿ. ಮೀರದಿರಲಿ, ಹೋಸಿನ ಭಾರವನ್ನೂ ಅದರಲ್ಲೇ ಸೇರಿಸಿ. ಭಾರವಾದದ್ದನ್ನು, ಸ್ಪ್ರಿಂಗಿನಿಂದ ಭಾರ ಹೊರುವ ಬ್ಯಾಲೆನ್ಸರಿಗೆ ತೂಗುಹಾಕಬಹುದು, ಆದರೆ ಅದು ಬಿಗಿಯುವ ಜಾಗದ ನೇರ ಮೇಲಿರಬೇಕು. ಒಂದು ಸಾಲಿನಲ್ಲಿ ಎತ್ತರದ ಹುಡುಗನಿಗೆ ಹೊಂದಿಸಿದ್ದ ಬ್ಯಾಲೆನ್ಸರನ್ನು ಮುಂದಿನ ಪಾಳಿಯ ಕುಳ್ಳಗಿನ ಹೆಣ್ಣುಮಗಳು ದಿನವಿಡೀ ಎಟುಕಿಸಿಕೊಂಡು ಜಗ್ಗುತ್ತಿದ್ದುದನ್ನು ಕಂಡಿದ್ದೇನೆ. ಸ್ಪ್ರಿಂಗ್ ಸಡಿಲಿಸಲು ಎರಡು ನಿಮಿಷವೂ ಬೇಕಿರಲಿಲ್ಲ.

ಹಿಡಿಯ ದಪ್ಪ 32ರಿಂದ 50 ಮಿ.ಮೀ. ಒಳಗಿರಲಿ. ಉದ್ದ 100 ಮಿ.ಮೀ.ಗಿಂತ ಕಡಿಮೆಯಾದರೆ ಅದರ ತುದಿ ಅಂಗೈಗೆ ಒತ್ತುತ್ತದೆ. ಬೆರಳಿಗೆಂದು ಗುಂಡಿ ತೋಡಿದ ಹಿಡಿ ನೋಡಲು ಚೆನ್ನ, ಆದರೆ ಅದು ಒಂದೇ ಅಳತೆಯ ಕೈಗೆ ಹೊಂದುವುದರಿಂದ ಬೇಡ. ಟ್ರಿಗರ್ ಎರಡು ಬೆರಳು ಕೂರುವಷ್ಟು ಉದ್ದವಿರಲಿ. ಹೊರಬೀಳುವ ಗಾಳಿ ಕೈಮೇಲೆ ಬೀಳಬಾರದು. ಧನುರ್ಮಾಸದ ಕೋಲಾರದ ಚಳಿಯಲ್ಲಿ ಬೆಳಗಿನ ಪಾಳಿಯವರ ಬೆರಳು ಮರಗಟ್ಟಲು ಅಷ್ಟೇ ಸಾಕು.

ಕಂಪನಕ್ಕೆ ಯುರೋಪಿನ 2002ರ ನಿರ್ದೇಶನವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: 8 ಗಂಟೆಯ ಸರಾಸರಿ 2.5 ಮೀ/ಸೆ² ಮುಟ್ಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಸವೆದ ಬಿಟ್, ಸಡಿಲವಾದ ಸಾಕೆಟ್ ಕಂಪನವನ್ನು ಹೆಚ್ಚಿಸುವುದರಿಂದ ಅವನ್ನು ಮುರಿಯುವ ತನಕ ಕಾಯದೆ ಬದಲಿಸಿ.

ಕೊನೆಗೆ, ಆರ್ಡರ್ ಕೊಡುವ ಮುನ್ನ ಮಾರಾಟಗಾರರಿಂದ ಒಂದು ವಾರಕ್ಕೆ ಗನ್ ತರಿಸಿ, ಸಾಲಿನ ಅತಿ ಕುಳ್ಳಗಿನವರ, ಚಿಕ್ಕ ಕೈಯವರ ಮತ್ತು ಎಡಗೈಯವರ ಕೈಗೆ ಕೊಡಿ. ನೋವೆಲ್ಲಿದೆ ಎಂದು ಪಾಳಿ ಮುಗಿದಾಗ ಒಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕೇಳಿ ಬರೆದಿಡಿ. ಹಿಂದಕ್ಕೆ ತಿರುಗಿಸುವ ಗುಂಡಿ ಎಡಗೈಯವರ ಹೆಬ್ಬೆರಳಿಗೂ ಸಿಗುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ.