ಗಾಡಿ ತಗುಲಿದ ಮೇಲಿನ ಹತ್ತು ದಿನ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಂದು ಕಾರು ಇನ್ನೊಂದಕ್ಕೆ ತಗುಲಿದರೆ ಐದು ನಿಮಿಷದಲ್ಲಿ ಜನ ಸೇರುತ್ತಾರೆ. ತಪ್ಪು ಯಾರದೆಂದು ಅವರಲ್ಲೇ ಹಿರಿಯರೊಬ್ಬರು ತೀರ್ಮಾನಿಸಿ, ಗ್ಯಾರೇಜಿನ ಖರ್ಚಿಗೆಂದು ಒಂದಿಷ್ಟು ಹಣ ಕೊಡಿಸಿ, ಇಬ್ಬರನ್ನೂ ಕಳಿಸಿಬಿಡುತ್ತಾರೆ. ರಾಯಚೂರು, ಕೊಪ್ಪಳದಿಂದ ಬಂದವರಿಗೂ ಇದು ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜನ ಸೇರುವುದಿಲ್ಲ, ಹಿರಿಯರೂ ಸಿಗುವುದಿಲ್ಲ. ಇಲ್ಲಿ ಮಾತನಾಡುವುದು ಕಾಗದವೊಂದೇ.

ಅಪಘಾತವಾದ ಕೂಡಲೇ ನಿಲ್ಲಲೇಬೇಕು. ನಿಲ್ಲದೆ ಹೋಗುವುದು ಅಪರಾಧ. ಯಾರಿಗಾದರೂ ಪೆಟ್ಟಾಗಿದ್ದರೆ ಬೇರೆ ಯೋಚನೆಯಿಲ್ಲದೆ 911ಕ್ಕೆ ಕರೆ ಮಾಡಿ. ಪೆಟ್ಟಾಗದೆ ಗಾಡಿ ಚಲಿಸುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗದ ಹತ್ತಿರದ ಜಾಗಕ್ಕೆ ಅದನ್ನು ಸರಿಸಿ. ‘ಪೊಲೀಸರು ಬರುವವರೆಗೆ ಗಾಡಿ ಮುಟ್ಟಬಾರದು’ ಎಂಬ ನಮ್ಮೂರಿನ ನಂಬಿಕೆಯನ್ನು ಇಲ್ಲಿನ ಫ್ರೀವೇಯ ಮೇಲೆ ಪಾಲಿಸಿದರೆ ಎರಡನೆಯ ಅಪಘಾತಕ್ಕೆ ನೀವೇ ಕಾರಣರಾದೀರಿ.

ಎದುರಿನವರ ಡ್ರೈವಿಂಗ್ ಲೈಸೆನ್ಸ್, ಗಾಡಿಯ ನೋಂದಣಿ ಮತ್ತು ಇನ್ಶೂರೆನ್ಸ್ ಪತ್ರಗಳನ್ನು ನೋಡಿ, ವಿವರ ಬರೆದುಕೊಂಡು, ನಿಮ್ಮವನ್ನೂ ತೋರಿಸಿ. ಎರಡೂ ಗಾಡಿಗಳ ನಂಬರ್ ಪ್ಲೇಟು, ಜಖಂ ಆದ ಭಾಗ, ರಸ್ತೆಯ ಗುರುತು, ಸಿಗ್ನಲ್ಲು ಎಲ್ಲದರ ಫೋಟೊ ತೆಗೆಯಿರಿ. ಪಾಲಿಸಿಯ ಸಂಖ್ಯೆಯನ್ನು ಬಾಯಲ್ಲಿ ಹೇಳಿದರೆ ನಂಬಬೇಡಿ, ಕಾರ್ಡನ್ನೇ ಫೋಟೊ ಹಿಡಿಯಿರಿ.

ಗಾಬರಿಯಲ್ಲಿ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ‘ಸಾರಿ, ನನ್ನದೇ ತಪ್ಪು’. ಇದರಲ್ಲಿ ಎರಡು ಮಾತುಗಳಿವೆ. ನೋವಿನಲ್ಲಿರುವವರಿಗೆ ತೋರಿದ ಅನುಕಂಪವನ್ನು ಸಿವಿಲ್ ದಾವೆಯಲ್ಲಿ ತಪ್ಪೊಪ್ಪಿಗೆಯಾಗಿ ಬಳಸಲು ಈ ರಾಜ್ಯದ ಸಾಕ್ಷ್ಯ ಸಂಹಿತೆಯ 1160ನೇ ಕಲಂ ಬಿಡುವುದಿಲ್ಲ; ಆದರೆ ಅದರ ಬೆನ್ನಿಗೇ ‘ನನ್ನದೇ ತಪ್ಪು’ ಎಂದರೆ ಆ ಮಾತಿಗೆ ಈ ರಕ್ಷಣೆ ಇಲ್ಲ. ಇಲ್ಲಿ ಹೊಣೆಯನ್ನು ಶೇಕಡಾವಾರು ಇಬ್ಬರಿಗೂ ಹಂಚುವುದುಂಟು. ಅರ್ಧ ತಪ್ಪಿದ್ದವರು ಪೂರ್ತಿ ಹೊರುವುದೇಕೆ? ಹಾಗೆಂದು ಸುಳ್ಳು ಹೇಳಬೇಕಿಲ್ಲ: ಪೊಲೀಸರಿಗೆ ಕಂಡದ್ದನ್ನು ಕಂಡಂತೆ ಹೇಳಿ.

ನಾನು ಬಂದ ಮೊದಲ ವರ್ಷ ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತೆಗೆಯುವಾಗ ಒಬ್ಬರ ಗಾಡಿಗೆ ತಾಗಿಸಿದೆ. ಅವರು ನಾಲ್ಕು ನೂರು ಡಾಲರ್ ಕೇಳಿದರು. ಊರಿನ ಲೆಕ್ಕದಲ್ಲಿ ಸುಲಭವಾಗಿ ಮುಗಿಯಿತೆಂದು ಕೊಟ್ಟು, ಕೈಕುಲುಕಿ ಬಂದೆ. ಮೂರು ವಾರದ ಮೇಲೆ ಕುತ್ತಿಗೆ ನೋವಿನ ಪರಿಹಾರ ಕೇಳಿ ಅವರ ಕಡೆಯಿಂದ ಪತ್ರ ಬಂತು. ನನ್ನ ಬಳಿ ಒಂದು ಫೋಟೊ ಇರಲಿಲ್ಲ, ಹಣ ಕೊಟ್ಟ ರಸೀದಿಯೂ ಇರಲಿಲ್ಲ. ಅಂದಿನಿಂದ ಸ್ಥಳದಲ್ಲೇ ರಾಜಿ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ.

ಹೊಸಬರಷ್ಟೇ ಅಲ್ಲ, ಹಳಬರೂ ಮರೆಯುವುದು ಎಸ್‌ಆರ್-1 ಎಂಬ ಅಪಘಾತ ವರದಿಯ ನಮೂನೆಯನ್ನು. ಯಾರಿಗಾದರೂ ಅಲ್ಪಸ್ವಲ್ಪ ಗಾಯವಾಗಿದ್ದರೂ, ಅಥವಾ ಯಾರದೇ ಆಸ್ತಿಗೆ 1,000 ಡಾಲರಿಗಿಂತ ಹೆಚ್ಚು ಹಾನಿಯಾಗಿದ್ದರೂ, 10 ದಿನಗಳೊಳಗೆ ಇದನ್ನು ವಾಹನ ಇಲಾಖೆಯಾದ ಡಿಎಂವಿಗೆ ಸಲ್ಲಿಸಬೇಕು. ತಪ್ಪು ನಿಮ್ಮದಲ್ಲದಿದ್ದರೂ ಸಲ್ಲಿಸಬೇಕು. ಪೊಲೀಸರು ವರದಿ ಬರೆದುಕೊಂಡಿದ್ದರೂ ಇದು ತಪ್ಪದು. ಈಗ ಬಂಪರಿನಲ್ಲಿ ಕ್ಯಾಮೆರಾ, ಸೆನ್ಸರ್ ಇರುವುದರಿಂದ ಸಣ್ಣ ಪೆಟ್ಟಿಗೂ ಸಾವಿರ ಡಾಲರ್ ದಾಟುತ್ತದೆ. ಸಲ್ಲಿಸದಿದ್ದರೆ ಲೈಸೆನ್ಸ್ ಅಮಾನತಾಗಬಹುದು. ಇನ್ಶೂರೆನ್ಸ್‌ನವರು ನಿಮ್ಮ ಪರವಾಗಿ ಕಳಿಸುವುದುಂಟು, ಆದರೆ ಕಳಿಸಿದರೋ ಇಲ್ಲವೋ ಎಂದು ನೀವೇ ಕೇಳಿ ತಿಳಿಯಿರಿ.

ನಿಂತ ಗಾಡಿಗೆ ತಾಗಿಸಿ, ಅದರ ಮಾಲೀಕರು ಸಿಗದಿದ್ದರೆ, ಹೆಸರು, ವಿಳಾಸ ಮತ್ತು ನಡೆದದ್ದನ್ನು ಬರೆದ ಚೀಟಿಯನ್ನು ಗಾಡಿಯ ಮೇಲೆ ಕಾಣುವಂತೆ ಇಟ್ಟು, ಪೊಲೀಸರಿಗೂ ತಿಳಿಸಬೇಕು.

ಊರಿನಿಂದ ಬಂದ ಅಪ್ಪ ಅಮ್ಮ ಗಾಡಿಯಲ್ಲಿದ್ದರೆ ‘ನಮಗೇನೂ ಆಗಿಲ್ಲ, ನಡಿಯಪ್ಪ’ ಎಂದೇ ಹೇಳುತ್ತಾರೆ. ಕುತ್ತಿಗೆ, ಬೆನ್ನಿನ ನೋವು ಎಷ್ಟೋ ವೇಳೆ ಮರುದಿನ ತಲೆದೋರುವುದರಿಂದ ಅವರನ್ನು ಅದೇ ದಿನ ವೈದ್ಯರಿಗೆ ತೋರಿಸಿ, ಅವರ ಪ್ರವಾಸದ ಇನ್ಶೂರೆನ್ಸ್ ಕಂಪನಿಗೂ ಅಂದೇ ಕರೆ ಮಾಡಿ.